ಬಣ್ಣಕ್ಕೆ 70 ಗ್ರಾಂ, ರುಚಿಗೆ ಎರಡು ತಿಂಗಳು: ಮನೆಯಲ್ಲಿ ಮೊದಲ ಸಲ ಮ್ಯೂನಿಕ್ ಡುಂಕೆಲ್

ನವೆಂಬರ್ ಬಂತೆಂದರೆ ನಮ್ಮ ಕಟ್ಟಡದ ನೆಲಮಾಳಿಗೆ ತಾನಾಗಿಯೇ 10–11 ಡಿಗ್ರಿಗೆ ಇಳಿಯುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆ ಮನೆಯ ಜೊತೆ ಕೆಳಗೆ ಹೀಗೊಂದು ಪುಟ್ಟ ಕೋಣೆ ಸಿಗುವುದು ಮಾಮೂಲು. ಅಕ್ಕಪಕ್ಕದವರು ಅಲ್ಲಿ ಸೈಕಲ್, ಹಳೇ ಸೂಟ್‌ಕೇಸ್, ಜಾಮ್ ಬಾಟಲಿ ಇಟ್ಟಿರುತ್ತಾರೆ. ನನ್ನ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇರುತ್ತದೆ. ಅದರ ಮುಚ್ಚಳದ ಮೇಲಿನ, ಒಳಗಿನ ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಏರ್‌ಲಾಕ್ ಸ್ವಲ್ಪ ಹೊತ್ತಿಗೊಮ್ಮೆ 'ಗುಳಕ್' ಅನ್ನುತ್ತಿರುತ್ತದೆ.

ಬಕೆಟ್ಟಿನಲ್ಲಿರುವುದು ಡುಂಕೆಲ್. ಜರ್ಮನ್‌ನಲ್ಲಿ ಈ ಪದಕ್ಕೆ 'ಕಪ್ಪಗಿನ, ಗಾಢ' ಅಂತ ಅರ್ಥ. ಪ್ರವಾಸಿಗರ ಫೋಟೊಗಳಲ್ಲಿ ಕಾಣುವ ಹೊಂಬಣ್ಣದ ಹೆಲೆಸ್ ಈ ಊರಿಗೆ ಬಂದದ್ದು 1894ರಲ್ಲಿ, ಸ್ಪಾಟೆನ್ ಬ್ರೂವರಿಯಿಂದ. ಅದಕ್ಕೆ ಮುಂಚೆ ಮ್ಯೂನಿಕ್ ಬಿಯರ್ ಅಂದರೆ ಕಂದು ಬಿಯರ್ರೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಸ್ವಂತಕ್ಕೆ ಅಂದರೂ ಬಿಡುವುದಿಲ್ಲ. ಊರಲ್ಲಿರುವವರು ಇದನ್ನು ಸುಮ್ನೆ ಓದಿಕೊಳ್ಳಿ, ಕುಡಿಯಬೇಕು ಅನಿಸಿದರೆ ಬೆಂಗಳೂರಿನ ಯಾವುದಾದರೂ ಬ್ರೂಪಬ್‌ಗೆ ಹೋಗಿ. ಜರ್ಮನಿಯಲ್ಲಿ ಸ್ವಂತ ಬಳಕೆಗೆ ವರ್ಷಕ್ಕೆ 500 ಲೀಟರ್ ತನಕ ಬಿಯರ್ ತೆರಿಗೆ ಇಲ್ಲ. 2024ಕ್ಕೆ ಮುಂಚೆ ಇದು 200 ಲೀಟರ್ ಇತ್ತು. ಮಾರುವ ಹಾಗಿಲ್ಲ. ಬೇರೆ ದೇಶದಲ್ಲಿದ್ದರೆ ಅಲ್ಲಿನ ನಿಯಮ ನೋಡಿಕೊಂಡೇ ಶುರು ಮಾಡಿ.

ಕಪ್ಪು ಅಂದರೆ ಕಹಿ ಅಲ್ಲ

ನಾನು ಮೊದಲ ಸಲ ಮಾಡಿದಾಗ ಹೀಗೆ ಲೆಕ್ಕ ಹಾಕಿದ್ದೆ: ಬಿಯರ್ ಕಪ್ಪಗಿದೆ, ಅಂದರೆ ಚೆನ್ನಾಗಿ ಹುರಿದ ಬಾರ್ಲಿ ಹಾಕಿರುತ್ತಾರೆ. ಕಾಲು ಕಿಲೋ ಹುರಿದ ಬಾರ್ಲಿ ಸುರಿದೆ. ಬಣ್ಣ ಅದ್ಭುತವಾಗಿ ಬಂತು. ಕುಡಿದರೆ ತಳ ಹಿಡಿದ ಪಾತ್ರೆ ತೊಳೆದ ನೀರಿನ ಹಾಗಿತ್ತು. ಹೆಂಡತಿ ಒಂದು ಗುಟುಕು ಕುಡಿದು, ಗ್ಲಾಸನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

ಡುಂಕೆಲ್‌ನ ರುಚಿ ಕಪ್ಪು ಕಾಳಿನಿಂದ ಬರುವುದಲ್ಲ. ಮ್ಯೂನಿಕ್ ಮಾಲ್ಟ್‌ನಿಂದ ಬರುವುದು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿಯುತ್ತಾರಲ್ಲ, ಅದೇ ಕೆಲಸ. ಮೊಳಕೆ ಬಂದಾಗ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಮ್ಯೂನಿಕ್ ಮಾಲ್ಟನ್ನು ಮಾಮೂಲಿ ಮಾಲ್ಟ್‌ಗಿಂತ ಜಾಸ್ತಿ ಬಿಸಿಯಲ್ಲಿ ಒಣಗಿಸುತ್ತಾರೆ, ಆದರೆ ಕಿಣ್ವಗಳು ಪೂರ್ತಿ ಸಾಯುವಷ್ಟು ಅಲ್ಲ. ಹಾಗಾಗಿ ಬ್ರೆಡ್ಡಿನ ಕಂದು ಅಂಚಿನ ಪರಿಮಳ ಬರುತ್ತದೆ, ಸಿಪ್ಪೆ ಸುಟ್ಟ ಕಹಿ ಬರುವುದಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ನೋಡಿ. ಹುರಿಗಡಲೆ ತಿಂದಷ್ಟು ಹಿತ. ನಾನು ತೂಕ ಮಾಡುವಾಗಲೇ ಒಂದಷ್ಟು ಖಾಲಿ ಮಾಡುತ್ತೇನೆ.

ಬಣ್ಣ ಇನ್ನೂ ಸ್ವಲ್ಪ ಬೇಕೆಂದರೆ ಸಿಪ್ಪೆ ತೆಗೆದು ಹುರಿದ ಮಾಲ್ಟ್ ಸಿಗುತ್ತದೆ. ಬಾಂಬೆರ್ಗ್‌ನ ವೈಯರ್‌ಮಾನ್ ಕಂಪನಿಯ 'ಕರಾಫಾ ಸ್ಪೆಷಲ್' ಇದರಲ್ಲಿ ಹೆಸರುವಾಸಿ. ಸಿಪ್ಪೆ ಇಲ್ಲದ್ದರಿಂದ ಸೀದ ರುಚಿ ಕಡಿಮೆ. 10 ಲೀಟರ್‌ಗೆ 70 ಗ್ರಾಂ ಸಾಕು. ಇನ್ನೂ ಕಪ್ಪಗಿರುವ, ಕಾಫಿಯ ಛಾಯೆ ಇರುವ ಲಾಗರ್ (ಚಳಿಯಲ್ಲಿ ಹುದುಗಿಸಿ ಕೂಡಿಡುವ ಬಿಯರ್) ಬೇಕಾದರೆ ಅದು ಶ್ವಾರ್ಟ್ಸ್‌ಬಿಯರ್. ಜರ್ಮನಿಯ ಪೂರ್ವ ಭಾಗದ ಕ್ಯೋಸ್ಟ್ರಿಟ್ಸ್ ಊರು ಅದಕ್ಕೆ ಪ್ರಸಿದ್ಧ. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಏನೇನು ಬೇಕು

ಮೊದಲ ಸಲಕ್ಕೆ 10 ಲೀಟರ್ ಸಾಕು. 20 ಲೀಟರ್ ಮಾಡಲು ಹೋದರೆ ಅಡುಗೆಮನೆಯ ಒಲೆ ಕುದಿಸಲು ಒದ್ದಾಡುತ್ತದೆ, ಆ ಪಾತ್ರೆ ಎತ್ತಲು ನಿಮ್ಮ ಬೆನ್ನೂ ಒದ್ದಾಡುತ್ತದೆ.

- ಮ್ಯೂನಿಕ್ ಮಾಲ್ಟ್: 2.2 ಕಿಲೋ
- ಪಿಲ್ಸ್‌ನರ್ ಮಾಲ್ಟ್: 300 ಗ್ರಾಂ
- ಕರಾಫಾ ಸ್ಪೆಷಲ್ 2: 70 ಗ್ರಾಂ
- ಹಾಲರ್‌ಟೌ ಮಿಟ್ಟೆಲ್‌ಫ್ರೂ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು), ಪೆಲೆಟ್ ರೂಪದ್ದು, ಆಲ್ಫಾ (ಕಹಿ ಕೊಡುವ ಆಮ್ಲ) ಸುಮಾರು 4 ಶೇಕಡಾ: 32 ಗ್ರಾಂ
- ಲಾಗರ್ ಈಸ್ಟ್, ಡಬ್ಲ್ಯೂ-34/70: 11.5 ಗ್ರಾಂನ ಒಂದು ಪೊಟ್ಟಣ
- ನೀರು: 16 ಲೀಟರ್

ಮಾಲ್ಟನ್ನು ಅಂಗಡಿಯಲ್ಲೇ ಒಡೆಸಿಕೊಳ್ಳಿ. ಹಿಟ್ಟು ಬೇಡ, ನುಚ್ಚು ಬೇಕು. ಮಿಕ್ಸಿಗೆ ಹಾಕಿದರೆ ಕೆಟ್ಟಿತು ಅಂತಲೇ ಲೆಕ್ಕ.

ಸಾಮಾನಿನಲ್ಲಿ 20 ಲೀಟರ್‌ನ ಸ್ಟೀಲ್ ಪಾತ್ರೆ, ಅದರೊಳಗೆ ಕೂರುವ ಬಲೆಬಟ್ಟೆಯ ದೊಡ್ಡ ಚೀಲ, ಥರ್ಮಾಮೀಟರ್, ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಗಾಜಿನ ಕೊಳವೆ), ಮುಚ್ಚಳ–ಏರ್‌ಲಾಕ್–ನಲ್ಲಿ ಇರುವ 15 ಲೀಟರ್ ಬಕೆಟ್, ಅರ್ಧ ಲೀಟರ್‌ನ 18–20 ಬಾಟಲಿ ಬೇಕು. ತಂತಿಯ ಕ್ಲಿಪ್ ಇರುವ ಪಿಂಗಾಣಿ ಬಿರಡೆಯ ಬಾಟಲಿ ಸಿಕ್ಕರೆ ಕ್ಯಾಪ್ ಹೊಡೆಯುವ ಯಂತ್ರದ ಖರ್ಚು ಉಳಿಯುತ್ತದೆ. ಒಂದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ: ಹೈಡ್ರೋಮೀಟರ್. ಯಾಕೆ ಅಂತ ಬಾಟಲಿ ತುಂಬುವಾಗ ಹೇಳುತ್ತೇನೆ.

ನೀರಿನ ವಿಷಯದಲ್ಲಿ ಇಲ್ಲಿನವರಿಗೆ ಅದೃಷ್ಟ ಇದೆ. ಮ್ಯೂನಿಕ್‌ನ ನಲ್ಲಿ ನೀರು ಗಡಸು, ಕಾರ್ಬೊನೇಟ್ ಜಾಸ್ತಿ. ಕೆಟಲ್ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತಲೇ ಇರುತ್ತದೆ. ಇಂಥ ನೀರಿನಲ್ಲಿ ತಿಳಿ ಬಣ್ಣದ ಬಿಯರ್ ಮಾಡಿದರೆ ಹಾಪ್ಸ್ ಕಹಿ ಒರಟಾಗುತ್ತದೆ. ಗಾಢ ಮಾಲ್ಟ್ ಸ್ವಲ್ಪ ಹುಳಿ ಗುಣದ್ದು. ನೀರಿನ ಕ್ಷಾರವನ್ನು ಅದು ತಗ್ಗಿಸಿ, ಗಂಜಿಯ (ಬಿಸಿನೀರಲ್ಲಿ ನೆನೆಸಿದ ಮಾಲ್ಟ್) ಪಿಎಚ್ಚನ್ನು 5.4ರ ಆಸುಪಾಸಿಗೆ ತರುತ್ತದೆ. ಮ್ಯೂನಿಕ್‌ಗೆ ಕಂದು ಬಿಯರ್ ಒಲಿದದ್ದು, ಮೆದು ನೀರಿನ ಚೆಕ್ ಊರು ಪಿಲ್ಸೆನ್‌ಗೆ ಹೊಂಬಣ್ಣದ್ದು ಒಲಿದದ್ದು ಬರೀ ಜನರ ಇಷ್ಟದಿಂದ ಅಲ್ಲ, ನೆಲದಡಿಯ ನೀರಿನಿಂದಲೂ ಹೌದು. ನಿಮ್ಮ ಊರಿನ ನೀರು ತುಂಬಾ ಮೆದುವಾಗಿದ್ದರೂ ಮೊದಲ ಸಲ ತಲೆ ಕೆಡಿಸಿಕೊಳ್ಳಬೇಡಿ. ಕ್ಲೋರಿನ್ ವಾಸನೆ ಬರದಿದ್ದರೆ ಸಾಕು. ಬಂದರೆ ಕಾರ್ಬನ್ ಫಿಲ್ಟರ್ ನೀರು ಬಳಸಿ.

ಗಂಜಿ

ಬೆಳಿಗ್ಗೆ ತಿಂಡಿ ಮುಗಿಸಿ ಶುರು ಮಾಡಿ. ಐದು ಗಂಟೆಯ ಕೆಲಸ.

16 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ. ಚೀಲವನ್ನು ಪಾತ್ರೆಯೊಳಗೆ ಹರಡಿ, ಅಂಚನ್ನು ಪಾತ್ರೆಯ ಬಾಯಿಗೆ ಕ್ಲಿಪ್ ಹಾಕಿ. ಮಾಲ್ಟನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಕಲಕಿ. ಉಪ್ಪಿಟ್ಟಿಗೆ ರವೆ ಹಾಕುವಾಗ ಗಂಟು ಕಟ್ಟದ ಹಾಗೆ ನೋಡಿಕೊಳ್ಳುತ್ತೀರಲ್ಲ, ಹಾಗೇ. ಎಲ್ಲಾ ಹಾಕಿದ ಮೇಲೆ ಥರ್ಮಾಮೀಟರ್ 67 ಡಿಗ್ರಿ ತೋರಿಸಬೇಕು. ಒಲೆ ಆರಿಸಿ, ಮುಚ್ಚಿ, ಹಳೇ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. 65ಕ್ಕಿಂತ ಕೆಳಗೆ ಇಳಿದರೆ ಸಣ್ಣ ಉರಿಯಲ್ಲಿ ಕಲಕುತ್ತಾ ಬಿಸಿ ಮಾಡಿ. ಕಲಕದೆ ಬಿಟ್ಟರೆ ಚೀಲ ತಳದಲ್ಲಿ ಕರಗುತ್ತದೆ.

67 ಡಿಗ್ರಿಯೇ ಯಾಕೆ? 63ರ ಸುತ್ತಮುತ್ತ ಇಟ್ಟರೆ ಈಸ್ಟ್ ಪೂರ್ತಿ ತಿಂದು ಮುಗಿಸುವ ಸಕ್ಕರೆಗಳೇ ಹೆಚ್ಚಾಗಿ, ಬಿಯರ್ ತೆಳುವಾಗುತ್ತದೆ. 70 ದಾಟಿದರೆ ಈಸ್ಟ್‌ಗೆ ದಕ್ಕದ ಅಂಶ ಜಾಸ್ತಿ ಉಳಿದು ಮಂದವಾಗುತ್ತದೆ. ಡುಂಕೆಲ್‌ಗೆ ನಡುವಿನದ್ದು ಚೆಂದ.

ಮುಕ್ಕಾಲು ಗಂಟೆ ಆದಾಗ ಒಂದು ಚಮಚ ತಿಳಿ ತೆಗೆದು ರುಚಿ ನೋಡಿ. ಶುರುವಿನಲ್ಲಿ ಬರೀ ಹಿಟ್ಟಿನ ನೀರಿನಂತಿದ್ದದ್ದು ಈಗ ತೆಳು ಪಾನಕದಷ್ಟು ಸಿಹಿ. ಒಂದು ಹರಳು ಸಕ್ಕರೆ ಹಾಕಿಲ್ಲ, ಅಲ್ವಾ? ನನಗೆ ಈ ಕೆಲಸದಲ್ಲಿ ಇವತ್ತಿಗೂ ಖುಷಿ ಕೊಡುವ ಕ್ಷಣ ಇದೇ.

ಹಳೇ ಬವೇರಿಯಾದ ಬ್ರೂವರ್‌ಗಳು ಇಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದರು. ಗಂಜಿಯ ಒಂದು ಪಾಲು ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿ, ಮತ್ತೆ ಸೇರಿಸಿ ಬಿಸಿ ಏರಿಸುವುದು. ಇದಕ್ಕೆ ಹೆಸರು ಡಿಕಾಕ್ಷನ್. ನಮಗೆ ಡಿಕಾಕ್ಷನ್ ಅಂದರೆ ಕಾಫಿ ಫಿಲ್ಟರ್‌ನಿಂದ ತೊಟ್ಟಿಕ್ಕುವುದು. ಪದ ಅದೇ, ಕುದಿಸಿ ಸಾರ ತೆಗೆಯುವುದು ಅಂತ. ಇದರಿಂದ ರುಚಿ ಹೆಚ್ಚುತ್ತದೆ ಅನ್ನುವವರೂ ಇದ್ದಾರೆ, ಇವತ್ತಿನ ಮಾಲ್ಟ್‌ಗೆ ಬೇಕಿಲ್ಲ ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಅಡುಗೆಮನೆ ನೆಲವೆಲ್ಲ ಅಂಟು ಮಾಡಿಕೊಂಡ ಮೇಲೆ ಆ ಕಡೆ ಸೇರಿದ್ದು.

ಗಂಟೆ ಆದ ಮೇಲೆ ಚೀಲ ಎತ್ತಿ, ಪಾತ್ರೆಯ ಮೇಲೆ ಜಾಲರಿ ಇಟ್ಟು ಅದರ ಮೇಲೆ ಸೋರಲು ಬಿಡಿ. ಸ್ವಲ್ಪ ಒತ್ತಿದರೆ ತೊಂದರೆ ಇಲ್ಲ. ಉಳಿದ ಚರಟವನ್ನು ಒಮ್ಮೆ ಜೋಳದ ರೊಟ್ಟಿ ಹಿಟ್ಟಿಗೆ ಕಲಸಿ ನೋಡಿದೆ. ಪರಿಮಳ ಚೆನ್ನಾಗಿತ್ತು, ಆದರೆ ಸಿಪ್ಪೆ ಹಲ್ಲಿನ ಸಂದಿಗೆಲ್ಲ ಸೇರಿತು. ದನಕ್ಕೆ ಬೂಸಾ ಆಗಿ ಇಡುವುದೇ ಸರಿ, ದನ ಇದ್ದರೆ.

ಕುದಿ, ತಂಪು

ಈಗ ಉಳಿದ ತಿಳಿಗೆ ವರ್ಟ್ ಅನ್ನುತ್ತಾರೆ. ಅದನ್ನು ಒಂದು ಗಂಟೆ ಜೋರಾಗಿ ಕುದಿಸಿ, ಮುಚ್ಚಳ ತೆಗೆದೇ. ಮುಚ್ಚಿದರೆ ಬೇಯಿಸಿದ ಮೆಕ್ಕೆಜೋಳದಂಥ ವಾಸನೆ ಹೋಗದೆ ಉಳಿಯುತ್ತದೆ. ಕುದಿ ಬಂದ ಕೂಡಲೇ ಹಾಲಿನ ಹಾಗೆ ಉಕ್ಕುತ್ತದೆ. ಆ ಐದು ನಿಮಿಷ ಫೋನ್ ಮುಟ್ಟಬೇಡಿ.

ಕುದಿಯ ಶುರುವಿನಲ್ಲಿ 22 ಗ್ರಾಂ ಹಾಪ್ಸ್ ಹಾಕಿ. ಇದು ಕಹಿಗೆ. ಇನ್ನು 20 ನಿಮಿಷ ಇದೆ ಅನ್ನುವಾಗ ಉಳಿದ 10 ಗ್ರಾಂ. ಇದು ಘಮಕ್ಕೆ. ಕೊನೆಗೆ ಪಾತ್ರೆಯಲ್ಲಿ ಸುಮಾರು 11 ಲೀಟರ್ ಉಳಿಯಬೇಕು.

ಈ ಹಂತದಿಂದ ಮಡಿ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ಅಜ್ಜಿ ಏನು ಮಾಡುತ್ತಿದ್ದರು ನೆನಪಿದೆಯಾ? ಇಲ್ಲೂ ಅಷ್ಟೇ ಕಟ್ಟುನಿಟ್ಟು. ಬಕೆಟ್, ಮುಚ್ಚಳ, ನಲ್ಲಿ, ಏರ್‌ಲಾಕ್, ಸೌಟು, ಈಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ, ಎಲ್ಲವನ್ನೂ ಮೊದಲು ತೊಳೆದು, ಆಮೇಲೆ ಬ್ರೂಯಿಂಗ್ ಅಂಗಡಿಯಲ್ಲಿ ಸಿಗುವ ಸ್ಯಾನಿಟೈಸರ್‌ನಲ್ಲಿ ಅದ್ದಿ ತೆಗೆಯಿರಿ. ನಲ್ಲಿಯನ್ನು ಬಿಚ್ಚಿಯೇ ತೊಳೆಯಬೇಕು. ಕೊಳೆ ಅಡಗುವುದು ಅಲ್ಲೇ.

ಕುದಿಯುವ ಪಾತ್ರೆಯನ್ನು ಎತ್ತಿಕೊಂಡು ಓಡಾಡಬೇಡಿ. ಒಲೆ ಆರಿಸಿ, ಅರ್ಧ ಗಂಟೆ ಮುಚ್ಚಿಟ್ಟು, ಆಮೇಲೆ ಇಬ್ಬರು ಹಿಡಿದು ತಣ್ಣೀರು ತುಂಬಿದ ಬಾತ್‌ಟಬ್‌ನಲ್ಲಿಡಿ. ನೀರು ಬೆಚ್ಚಗಾದಂತೆ ಎರಡು–ಮೂರು ಸಲ ಬದಲಿಸಿ. 20 ಡಿಗ್ರಿಗೆ ಬಂದ ಮೇಲೆ ತಳದ ಗಸಿ ಬಿಟ್ಟು ಬಕೆಟ್‌ಗೆ ಬಗ್ಗಿಸಿ. ಒಂದು ಲೋಟ ತೆಗೆದು ಹೈಡ್ರೋಮೀಟರ್ ತೇಲಿಬಿಡಿ. 1.050ರ ಹತ್ತಿರ ಇರಬೇಕು (ಬರೀ ನೀರಾದರೆ 1.000; ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು). ಎರಡು–ಮೂರು ಅಂಕಿ ಆಚೀಚೆ ಆದರೆ ಚಿಂತೆ ಇಲ್ಲ, ಬರೆದಿಟ್ಟುಕೊಳ್ಳಿ.

ಇಲ್ಲಿ ಎಲ್ಲರೂ ಆತುರ ಪಡುತ್ತಾರೆ. 20 ಡಿಗ್ರಿಯಲ್ಲೇ ಈಸ್ಟ್ ಹಾಕಿ, ಆಮೇಲೆ ತಣ್ಣಗಾಗುತ್ತದೆ ಬಿಡು ಅನ್ನುತ್ತಾರೆ. ಬೇಡ. ಬೆಚ್ಚಗಿರುವಾಗ ಶುರುವಾದ ಈಸ್ಟ್ ಹಣ್ಣಿನ ವಾಸನೆ ಮಾಡಿಬಿಡುತ್ತದೆ, ಬೆಣ್ಣೆ ವಾಸನೆಯನ್ನೂ ಜಾಸ್ತಿ ಮಾಡುತ್ತದೆ. ಬಕೆಟ್ ಮುಚ್ಚಿ ರಾತ್ರಿ ನೆಲಮಾಳಿಗೆಯಲ್ಲಿಡಿ. ಬೆಳಿಗ್ಗೆ 10–11 ಡಿಗ್ರಿ ಆಗಿರುತ್ತದೆ. ಆಗ ಪೊಟ್ಟಣ ಕತ್ತರಿಸಿ ಪೂರ್ತಿ ಈಸ್ಟನ್ನು ಮೇಲೆ ಉದುರಿಸಿ. 10 ಲೀಟರ್‌ಗೆ ಒಂದು ಪೊಟ್ಟಣ ಪೂರ್ತಿನಾ ಅನಿಸಬಹುದು. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಸ್ವಲ್ಪ ಜಾಸ್ತಿಯೇ ಹಾಕುತ್ತೇವಲ್ಲ, ಇದೂ ಹಾಗೇ.

ನೆಲಮಾಳಿಗೆಯ ದಿನಗಳು

ಜರ್ಮನ್‌ನಲ್ಲಿ 'ಲಾಗರ್ನ್' ಅಂದರೆ ಕೂಡಿಡುವುದು, ದಾಸ್ತಾನು ಮಾಡುವುದು. ಬೇಸಿಗೆಯ ಬಿಯರ್ ಕೆಡುತ್ತಿತ್ತು ಅಂತ 1553ರಲ್ಲಿ ಬವೇರಿಯಾದ ಡ್ಯೂಕ್ ಐದನೇ ಆಲ್ಬ್ರೆಖ್ಟ್ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಮಾಡುವುದನ್ನೇ ನಿಷೇಧಿಸಿದ. ಚಳಿಯಲ್ಲಿ ಮಾಡಿ, ತಣ್ಣನೆಯ ನೆಲಮಾಳಿಗೆಗಳಲ್ಲಿ ಬೇಸಿಗೆಗೆ ಕೂಡಿಡಬೇಕಾಯಿತು. ಚಳಿಯಲ್ಲೂ ಕೆಲಸ ಮಾಡುವ ಈಸ್ಟ್‌ಗೆ ಇದು ಹೇಳಿ ಮಾಡಿಸಿದ ಜಾಗ. ಈ ಈಸ್ಟ್ ಎರಡು ಜಾತಿಗಳ ಮಿಶ್ರತಳಿ. ಒಂದು ಬ್ರೆಡ್ಡಿನ ಈಸ್ಟ್‌ನ ಬಳಗ. ಇನ್ನೊಂದು ಯಾವುದು ಅಂತ ಬಹಳ ಕಾಲ ಗೊತ್ತಿರಲಿಲ್ಲ. 2011ರಲ್ಲಿ ಅದು ಪತ್ತೆಯಾದದ್ದು ದಕ್ಷಿಣ ಅಮೆರಿಕದ ಪೆಟಗೋನಿಯಾ ಕಾಡಿನ ಮರಗಳಲ್ಲಿ. ನೀವು ಉದುರಿಸಿದ ಪುಡಿಯೊಳಗೆ ಇಷ್ಟೆಲ್ಲ ಇದೆ.

ಮೊದಲ ದಿನ ಏನೂ ಆಗುವುದಿಲ್ಲ. ಎರಡನೇ ದಿನವೂ ಆಗದಿರಬಹುದು. ಮುಚ್ಚಳ ತೆಗೆದು ಇಣುಕಬೇಡಿ. ಮೂರನೇ ದಿನಕ್ಕೆ ಮೇಲೆ ಬಿಳಿ ನೊರೆಯ ಪದರ ಕಟ್ಟುತ್ತದೆ. ಆಮೇಲೆ ಒಂದು ದಿನ ಏರ್‌ಲಾಕ್‌ನಿಂದ ಕೊಳೆತ ಮೊಟ್ಟೆ ವಾಸನೆ ಬರಬಹುದು. ನನ್ನ ಪಕ್ಕದ ಕೋಣೆಯ ಅಜ್ಜ ಮೋರಿ ಕಟ್ಟಿಕೊಂಡಿದೆ ಅಂತ ಬಂದು ಕೇಳಿದ್ದರು. ಅದು ಲಾಗರ್ ಈಸ್ಟ್ ಬಿಡುವ ಗಂಧಕದ ವಾಸನೆ. ಬಿಯರ್ ಕೆಟ್ಟಿಲ್ಲ. ದಿನ ಕಳೆದಂತೆ ಹೋಗುತ್ತದೆ.

10ರಿಂದ 12 ಡಿಗ್ರಿಯಲ್ಲಿ ಸುಮಾರು ಹತ್ತು–ಹನ್ನೆರಡು ದಿನ ಬಿಡಿ. ಗುಳಕ್ ಸದ್ದು ನಿಧಾನವಾದಾಗ ಅಳತೆ ನೋಡಿ. 1.018ರ ಹತ್ತಿರ ಬಂದಿದ್ದರೆ ಬಕೆಟ್ಟನ್ನು ಮೇಲೆ ಮನೆಯೊಳಗೆ, 17–18 ಡಿಗ್ರಿಯ ಜಾಗಕ್ಕೆ ತನ್ನಿ. ನಮ್ಮ ಮನೆಯಲ್ಲಿ ಅದು ಚಪ್ಪಲಿ ಸ್ಟ್ಯಾಂಡ್ ಪಕ್ಕ. ಮೂರು–ನಾಲ್ಕು ದಿನ ಅಲ್ಲೇ ಇರಲಿ. ಈಸ್ಟ್ ತಾನೇ ಮಾಡಿದ ಡೈಅಸಿಟೈಲ್ ಅನ್ನುವ ಬೆಣ್ಣೆ ವಾಸನೆಯ ಅಂಶವನ್ನು ಈ ಬೆಚ್ಚಗಿನ ದಿನಗಳಲ್ಲಿ ತಾನೇ ತಿಂದು ಹಾಕುತ್ತದೆ. ಬೆಣ್ಣೆ ವಾಸನೆ ದೋಸೆಗೆ ಚೆನ್ನ, ಡುಂಕೆಲ್‌ಗೆ ಅಲ್ಲ.

ಬಾಟಲಿ

ಹೈಡ್ರೋಮೀಟರ್ ಈಗ ಹೊರಗೆ ತೆಗೆಯಿರಿ. 1.012ರ ಆಸುಪಾಸು ತೋರಿಸಬೇಕು. ಮೂರು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಬದಲಾಗಿರಬಾರದು. ಬದಲಾಗಿದ್ದರೆ ಕಾಯಿರಿ.

ನಾನು ಎರಡನೇ ಸಲ ಮಾಡಿದಾಗ ಕಾಯಲಿಲ್ಲ. ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಡಬೇಕಿತ್ತು. ಸದ್ದು ನಿಂತಿದೆಯಲ್ಲ ಅಂತ ಬಾಟಲಿ ತುಂಬಿಸಿದೆ, ಸಕ್ಕರೆಯನ್ನೂ ಚಮಚದ ಅಂದಾಜಿನಲ್ಲಿ ಹಾಕಿದೆ. ವಾಪಸ್ ಬಂದು ನೋಡಿದರೆ ನೆಲಮಾಳಿಗೆಯಲ್ಲಿ ಮೂರು ಬಾಟಲಿ ಸಿಡಿದಿದ್ದವು. ಒಂದು ಚೂರು ಮರದ ಹಲಗೆಗೆ ಮೊಳೆಯ ಹಾಗೆ ನಾಟಿಕೊಂಡಿತ್ತು. ಅಲ್ಲಿ ಯಾರಾದರೂ ನಿಂತಿದ್ದರೆ ಅಂತ ಯೋಚಿಸಿ ಬೆವರಿದೆ. ಉಳಿದ ಬಾಟಲಿಗಳನ್ನು ದಪ್ಪ ಕೈಗವಸು, ಕನ್ನಡಕ ಹಾಕಿಕೊಂಡು ಒಂದೊಂದಾಗಿ ಗಾಳಿ ಬಿಟ್ಟೆ. ಅಜ್ಜನ ಜಾಮ್ ಬಾಟಲಿಗಳ ಮೇಲೆಲ್ಲ ಬಿಯರ್ ಒಣಗಿತ್ತು. ಒಂದೊಂದನ್ನೂ ಒರೆಸಿ ಕೊಟ್ಟೆ.

ಆದ್ದರಿಂದ ತೂಕ ಮಾಡಿ. ಲೀಟರ್‌ಗೆ 6 ಗ್ರಾಂ ಸಕ್ಕರೆ. 9 ಲೀಟರ್ ಬಿಯರ್ ಉಳಿದಿದ್ದರೆ 54 ಗ್ರಾಂ. ಒಂದು ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಸ್ಯಾನಿಟೈಸ್ ಮಾಡಿದ ಇನ್ನೊಂದು ಪಾತ್ರೆಗೆ ಹಾಕಿ. ಅದರ ಮೇಲೆ ಬಿಯರನ್ನು ಕೊಳವೆಯಿಂದ ಸದ್ದಿಲ್ಲದೆ ಇಳಿಸಿ. ಎತ್ತರದಿಂದ ಸುರಿದರೆ ಗಾಳಿ ಸೇರಿ, ಕೆಲವೇ ವಾರದಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಬಾಟಲಿಯ ಬಾಯಿಂದ ಎರಡು ಬೆರಳಗಲ ಜಾಗ ಬಿಟ್ಟು ತುಂಬಿಸಿ. ಗಟ್ಟಿ ಗಾಜಿನ ಬಿಯರ್ ಬಾಟಲಿಯೇ ಆಗಬೇಕು, ಜ್ಯೂಸ್ ಬಾಟಲಿ ಆಗದು. ಒಂದು ಭಾಗವನ್ನು ಮಾತ್ರ ಸಣ್ಣ ಸೋಡಾ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ. ಅದು ಒತ್ತಿದಾಗ ಕಲ್ಲಿನಂತೆ ಗಟ್ಟಿಯಾದರೆ ಗ್ಯಾಸ್ ಬಂದಿದೆ ಅಂತ ಉಳಿದವನ್ನು ತೆಗೆಯದೆಯೇ ಗೊತ್ತಾಗುತ್ತದೆ.

ಮುಚ್ಚಳ ಇರುವ ಪೆಟ್ಟಿಗೆಯಲ್ಲಿ ಹತ್ತು ದಿನ ಮನೆಯ ಬೆಚ್ಚಗೆಯಲ್ಲಿ, ಆಮೇಲೆ ಫ್ರಿಜ್‌ನಲ್ಲಿ 2–4 ಡಿಗ್ರಿಗೆ ಐದು ವಾರ. ಇದೇ ಲಾಗರ್ನ್. ದೊಡ್ಡ ಬ್ರೂವರಿಗಳು ಇದನ್ನು ಟ್ಯಾಂಕಿನಲ್ಲಿ ಮಾಡುತ್ತವೆ. ನಮಗೆ ಬಾಟಲಿಯೇ ಟ್ಯಾಂಕ್. ಫ್ರಿಜ್‌ನ ಕೆಳಗಿನ ಎರಡು ಅಂತಸ್ತು ಹೋಗುತ್ತದೆ. ಈ ಬಗ್ಗೆ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಎರಡನೇ ವಾರಕ್ಕೆ ಒಂದು ಬಾಟಲಿ ತೆಗೆದು ನೋಡಿ. ಬೇಡ ಅಂದರೂ ನೀವು ತೆಗೆಯುತ್ತೀರಿ. ರುಚಿ ಚದುರಿದ ಹಾಗಿರುತ್ತದೆ. ಸಿಹಿ ಒಂದು ಕಡೆ, ಕಹಿ ಒಂದು ಕಡೆ, ಹಿಂದಿನಿಂದ ಈಸ್ಟ್. ನಾಲಿಗೆಗೆ ಏನು ಬಂತು ಅಂತ ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಐದನೇ ವಾರ ಇನ್ನೊಂದು ತೆಗೆದು, ಚೀಟಿ ಓದಿಕೊಂಡು ಕುಡಿಯಿರಿ.

ಕುಡಿಯುವ ಅರ್ಧ ಗಂಟೆ ಮುಂಚೆ ಬಾಟಲಿ ಹೊರಗಿಡಿ. ಡುಂಕೆಲ್‌ಗೆ 8 ಡಿಗ್ರಿ ಹದ, ಮಂಜುಗಟ್ಟಿದ ಗ್ಲಾಸ್ ಬೇಡ. ಗ್ಲಾಸ್ ಓರೆ ಮಾಡಿ ಒಂದೇ ಸುರುವಿಗೆ ಸುರಿಯಿರಿ, ನಡುವೆ ನಿಲ್ಲಿಸಿದರೆ ತಳದ ಗಸಿ ಏಳುತ್ತದೆ. ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ. ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು ಕಾಣಬೇಕು, ಜೋನಿಬೆಲ್ಲವನ್ನು ತೆಳುವಾಗಿ ತಟ್ಟೆಗೆ ಹರಡಿದಾಗ ಕಾಣುವ ಕೆಂಪು. ಖಾಲಿ ಬಾಟಲಿಯನ್ನು ಆಗಲೇ ಬಿಸಿನೀರಲ್ಲಿ ತೊಳೆದಿಡಿ. ಗಸಿ ಒಣಗಿದರೆ ಆಮೇಲೆ ಬ್ರಷ್ ಹಾಕಿದರೂ ಬಿಡುವುದಿಲ್ಲ.